ವೀರಕನಿಗೆ ಬಡಿಸಿದ ವರ್ಷ

ಎಳ್ಳು ಹುರಿಯುವ ವಾಸನೆ ಮೂಗಿಗೆ ಬಿದ್ದರೆ ಈಗ ನನಗೆ ನಮ್ಮ ಮರವಂತೆ ಮನೆಯ ಒಲೆ ನೆನಪಾಗುವುದಿಲ್ಲ. ನೋಮ್ ಪೆನ್ ಎನ್ನುವ ಊರು, ಅಲ್ಲಿ ಒಂದು ನೀಲಿ ಗೇಟಿನ ಮನೆ, ಆ ಮನೆಯ ಕೆಳ ಅಂತಸ್ತಿನಲ್ಲಿ ಕಾಲು ಮಡಚಿ ಕೂತು ಎಳ್ಳು ಹುರಿಯುತ್ತಿದ್ದ ಒಬ್ಬಳು ಮುದುಕಿ ನೆನಪಾಗುತ್ತಾಳೆ. ಮೊನ್ನೆ ಸೊಸೆ ಎಳ್ಳು ಹುರಿಯುವಾಗ ನಾನು ಎದ್ದು ಹೊರಗೆ ಹೋಗಿ ಜಗಲಿಯಲ್ಲಿ ಕೂತೆ. ಹೊಗೆ ತಡೆಯದೆ ಹೋದರು ಅಂದುಕೊಂಡಳು. ಹಾಗೇ ಅಂದುಕೊಳ್ಳಲಿ ಎಂದು ಬಿಟ್ಟೆ.

ಎರಡು ವರ್ಷದ ಹಿಂದಿನ ಮಾತು. ಮಗಳು ಶಾರದೆಯ ಬಾಣಂತನಕ್ಕೆ ಹೋದದ್ದು. ಹೆರಿಗೆಗೆ ಮಗಳು ತವರಿಗೆ ಬರುವುದು ನಮ್ಮ ಪದ್ಧತಿ. ಇವಳಿಗೆ ಡಾಕ್ಟರು ವಿಮಾನ ಹತ್ತಬೇಡ ಅಂದರಂತೆ. ಹಾಗಾಗಿ ತವರೇ ವಿಮಾನ ಹತ್ತಿ ಹೋಯಿತು. ಅಳಿಯ ಸತೀಶ ಬಿಜೂರಿನವನು. ಮುಂಬೈ ಹೋಟೆಲಿನಲ್ಲಿ ಗ್ಲಾಸು ತೊಳೆದು ಶುರು ಮಾಡಿದವನು ಈಗ ನೋಮ್ ಪೆನ್‌ನಲ್ಲಿ ಇಂಡಿಯಾದ ಊಟ ಸಿಗುವ ಒಂದು ಹೋಟೆಲಿನ ಅಡುಗೆಮನೆ ನೋಡಿಕೊಳ್ಳುತ್ತಾನೆ. ಅವನೇ ಬಂದು ಕರೆದುಕೊಂಡು ಹೋದ. ನನ್ನ ಚೀಲದಲ್ಲಿ ಕುಚ್ಚಲಕ್ಕಿ, ಕಾಳುಮೆಣಸು, ಬಾಣಂತಿ ಲೇಹ, ಒಣ ಸಿಗಡಿ ಇತ್ತು. ಸಿಗಡಿಯನ್ನು ವಿಮಾನ ನಿಲ್ದಾಣದಲ್ಲಿ ತೆಗೆದು ಬಿಸಾಡಿದರು. ಆ ಸಿಟ್ಟು ನನಗೆ ಇನ್ನೂ ಇದೆ.

ಊರು ಪರದೇಶ ಅನಿಸಲಿಲ್ಲ. ಅದೇ ತೆಂಗು, ಅದೇ ಬಾಳೆ, ಅದೇ ಬೆವರು. ಮಧ್ಯಾಹ್ನ ಕಳೆದ ಮೇಲೆ ಒಂದು ಮಳೆ ಬಂದು ರಸ್ತೆ ತೊಳೆದು ಹೋಗುತ್ತಿತ್ತು. ಕಣ್ಣು ಹಾಯಿಸಿದಲ್ಲೆಲ್ಲ ಬುದ್ಧನ ಗುಡಿ, ಮಾಡಿನ ತುದಿಯಲ್ಲಿ ಬಂಗಾರದ ಬಣ್ಣದ ನಾಗರ ಹೆಡೆ. ಊರ ನಡುವೆ ಒಂದು ಗುಡ್ಡ, ಅದರ ಮೇಲೆ ಹಳೆಯ ಗುಡಿ. ಹೊಳೆಯಲ್ಲಿ ತೇಲಿ ಬಂದ ಮರದೊಳಗೆ ಒಬ್ಬಳು ಹೆಂಗಸಿಗೆ ಬುದ್ಧನ ಮೂರ್ತಿ ಸಿಕ್ಕಿ, ಅವಳೇ ಮಣ್ಣು ಹಾಕಿಸಿ ಗುಡ್ಡ ಎಬ್ಬಿಸಿದಳಂತೆ. ಮೆಟ್ಟಿಲು ಹತ್ತುವಾಗ ನಾನು ಅವಳನ್ನು ಸ್ವಲ್ಪ ಬೈದೆ. ಅಲ್ಲಿನ ಹೊಳೆ ಮಳೆಗಾಲದಲ್ಲಿ ತಿರುಗಿ ಮೇಲ್ಮುಖವಾಗಿ ಹರಿಯುತ್ತದೆ ಎಂದು ಸತೀಶ ದೊಡ್ಡ ಸಂಗತಿಯ ಹಾಗೆ ಹೇಳಿದ. ನಮ್ಮ ಹಂಗಾರಕಟ್ಟೆ ಅಳಿವೆಯಲ್ಲಿ ಸಮುದ್ರ ಉಬ್ಬಿದಾಗ ಹೊಳೆ ದಿನಾ ಹಾಗೆ ಹರಿಯುತ್ತದಲ್ಲ ಎಂದೆ.

ಹೆರಿಗೆಗೆ ಇನ್ನೂ ಸಮಯವಿತ್ತು. ಊರು ನೋಡಿ ಎಂದು ಒಂದು ದಿನ ಸತೀಶ ಅಲ್ಲಿನ ಒಂದು ಹಳೆಯ ಜೈಲಿಗೂ ಕರೆದುಕೊಂಡು ಹೋದ. ಜೈಲು ಅಂದರೆ ಜೈಲಲ್ಲ, ಶಾಲೆ. ನಮ್ಮ ಕಡೆಯ ಹೈಸ್ಕೂಲಿನ ಹಾಗೆಯೇ ಉದ್ದ ಜಗಲಿ, ಸಾಲು ಕೋಣೆ. ಐವತ್ತು ವರ್ಷದ ಹಿಂದೆ ಆಗಿನ ಸರ್ಕಾರ ತನ್ನ ಜನರನ್ನೇ ತಂದು ಅಲ್ಲಿ ಕೂಡಿ ಹಾಕಿ, ಹಿಂಸೆ ಕೊಟ್ಟು, ಊರ ಹೊರಗೆ ಒಯ್ದು ಕೊಂದಿತು. ಕೋಣೆಗಳಲ್ಲಿ ಕಬ್ಬಿಣದ ಮಂಚ ಹಾಗೇ ಇವೆ. ಗೋಡೆ ತುಂಬ ಫೋಟೊ. ಬಂದವರ ಫೋಟೊ ತೆಗೆದು ಇಡುತ್ತಿದ್ದರಂತೆ. ಗಂಡಸರು, ಹೆಂಗಸರು, ಮಕ್ಕಳು ಎಲ್ಲರೂ ನೇರ ನಮ್ಮನ್ನೇ ನೋಡುತ್ತಾರೆ. ಇಲ್ಲಿ ನಗಬಾರದು ಎಂದು ಒಂದು ನಗುವ ಮುಖಕ್ಕೆ ಗೀಟು ಹೊಡೆದು ಬೋರ್ಡು ಹಾಕಿದ್ದರು. ಅಲ್ಲಿ ನಗು ಯಾರಿಗೆ ಬರುತ್ತದೋ ನನಗೆ ತಿಳಿಯಲಿಲ್ಲ. ಹೊರಗೆ ಬಂದಾಗ ಗೇಟಿನ ಬಳಿ ಬೊಂಡದ ಎಳನೀರು ಮಾರುತ್ತಿದ್ದರು. ಬಾಯಾರಿತ್ತು, ಕುಡಿದೆ. ಸಿಹಿಯಾಗಿತ್ತು. ಇಂಥದ್ದನ್ನು ನೋಡಿ ಬಂದ ಬಾಯಿಗೆ ಸಿಹಿ ಹೇಗೆ ತಿಳಿಯಿತು ಎಂದು ನಾಚಿಕೆಯಾಯಿತು, ಆದರೂ ಪೂರ್ತಿ ಕುಡಿದೆ.

ಆ ಮುದುಕಿ ನನಗೆ ಪರಿಚಯವಾದದ್ದು ಕೆಂಡದಿಂದ. ಅವಳು ಶಾರದೆ ಬಾಡಿಗೆಗಿದ್ದ ಮನೆಯ ಒಡತಿ. ಕೆಳಗೆ ಒಬ್ಬಳೇ ಇದ್ದಳು, ಮೇಲೆ ನನ್ನ ಮಗಳ ಸಂಸಾರ. ಅಲ್ಲಿ ಅಜ್ಜಿಗೆ ಯೇಯ್ ಅನ್ನುತ್ತಾರೆ. ಎಲ್ಲರೂ ಅವಳನ್ನು ಯೇಯ್ ಎಂದೇ ಕರೆಯುತ್ತಿದ್ದರು. ಅವಳು ನನ್ನನ್ನೂ ಯೇಯ್ ಎಂದಳು. ನಾನೂ ಹಾಗೇ ಕರೆದೆ. ಶಾರದೆ ಹೆಣ್ಣು ಹೆತ್ತು ಮನೆಗೆ ಬಂದ ದಿನ ಸತೀಶ ಕೋಣೆಗೆ ಎಸಿ ಹಾಕಿದ್ದ. ನಾನು ಆರಿಸಿದೆ. ಅಷ್ಟರಲ್ಲಿ ಯೇಯ್ ಕೆಂಡದ ಮಡಕೆ ಹಿಡಿದು ಮೆಟ್ಟಿಲು ಹತ್ತಿ ಬಂದಳು. ಶಾರದೆಗೆ ನಾಲ್ಕು ವರ್ಷದಲ್ಲಿ ಮಾರ್ಕೆಟ್ ತಿರುಗಿ ಆ ಭಾಷೆ ಬಂದಿತ್ತು. ಅವಳೇ ಕನ್ನಡ ಮಾಡಿ ಹೇಳಿದಳು.

"ಅಮ್ಮಾ, ಮಂಚದ್ ಅಡಿಗೆ ಕೆಂಡ ಇಡ್ಕ್ ಅಂಬ್ರ್. ಇಲ್ದಿರೆ ಬಾಣಂತಿ ಮೈಗೆ ಶೀತ ಹತ್ತುತ್ತ್ ಅಂಬ್ರ್."

"ಬುದ್ಧಿ ಇದ್ದದ್ ಇದೊಂದಕ್ಕೇ ಕಾಣ್ ಈ ಊರಂಗೆ. ಇಡುಕೆ ಹೇಳ್."

"ನೀವಿಬ್ರೂ ಸೇರಿ ನನ್ನ ಸುಟ್ಟ್ ತಿಂತ್ರಿ."

ಸಂಜೆ ಬಂದ ಅಳಿಯ ಬಾಗಿಲಲ್ಲೇ ಕೆಮ್ಮಿದ. "ಎಂತ ಅತ್ತೆ ಇದ್, ಮನೆಯಾ ಮೀನ್ ಹೊಗೆ ಹಾಕು ಗೂಡಾ?"

"ನಿಮ್ಗೆ ಹೆತ್ತ್ ಗೊತ್ತಿತ್ತಾ? ಇಲ್ಲೆ ಅಲ್ದಾ? ಹಂಗಾರೆ ಆಚೆ ಹೋಯಿ ಕೂಕಣಿ."

ಅಲ್ಲಿಂದ ನಾವು ಇಬ್ಬರೂ ಒಂದು ಪಕ್ಷ. ಬೆಳಿಗ್ಗೆ ಅವಳು ಕೆಂಡ ತರುವಳು, ನಾನು ನೀರು ಕಾಯಿಸುವೆ. ಮಗುವಿನ ಮೂಗು ನಾನು ತಿದ್ದಿದರೆ ಅವಳು ಕಾಲು ನೀವುವಳು. ಭಾಷೆ ಇಲ್ಲದೆ ಜಗಳವನ್ನೂ ಆಡಿದೆವು. ಅವಳು ಹೊಳೆಯ ಸಣ್ಣ ಮೀನನ್ನು ಉಪ್ಪು ಹಾಕಿ ಭರಣಿಯಲ್ಲಿ ಕೊಳೆಸಿ ಇಡುತ್ತಿದ್ದಳು. ಆ ವಾಸನೆಗೆ ನಮ್ಮೂರ ಬೆಕ್ಕು ಊರು ಬಿಡುತ್ತದೆ. ನಾನು ಹಾಗೆಂದದ್ದನ್ನು ಶಾರದೆ ಹೇಳಿದಾಗ, ನನ್ನ ಸಾರಿನ ಖಾರದಲ್ಲಿ ಮೀನು ಹಾಕಿದರೇನು, ಚಪ್ಪಲಿ ಹಾಕಿದರೇನು ಎಂದಳಂತೆ. ನನಗೆ ಅವಳು ಹಿಡಿಸಿದ್ದೇ ಆ ಬಾಯಿಯಿಂದ.

ಒಂದು ಸಂಗತಿ ನನಗೆ ಬಂದ ವಾರದಲ್ಲೇ ಕಣ್ಣಿಗೆ ಬಿದ್ದಿತ್ತು. ಸಂಜೆ ಉಣ್ಣುವ ಮುಂಚೆ ಅವಳು ಒಂದು ಮುಚ್ಚಳದ ಬಟ್ಟಲಿಗೆ ಅನ್ನ, ಮೀನು ಹಾಕಿ ಮುಚ್ಚಿ ಕಿಟಕಿಯ ಪಕ್ಕ ಇಡುತ್ತಿದ್ದಳು. ಬೆಳಿಗ್ಗೆ ಅದು ಬೀದಿಯ ನಾಯಿಗೆ ಹೋಗುತ್ತಿತ್ತು. ಯಾರಿಗೆ ಎಂದು ಮಗಳನ್ನು ಕೇಳಿದೆ.

"ಮಗನಿಗೆ, ಅಮ್ಮ. ವೀರಕ್ ಅಂತ ಹೆಸ್ರ್."

"ಎಲ್ಲಿದ್ದ?"

"ಎಲ್ಲೂ ಇಲ್ಲೆ."

ಜೈಲು ಮಾಡಿದ ಆ ಕೆಟ್ಟ ಸರ್ಕಾರ ಬಂದ ದಿನ ಇಡೀ ನೋಮ್ ಪೆನ್ ಖಾಲಿ ಮಾಡಿಸಿದರಂತೆ. ರೋಗಿಗಳನ್ನೂ ಬಿಡಲಿಲ್ಲ. ಎಲ್ಲರೂ ನಡೆದು ಹಳ್ಳಿಗೆ ಹೋಗಿ ಗದ್ದೆ ಕೆಲಸ ಮಾಡಬೇಕು. ಯೇಯ್‌ಳ ಗಂಡ ಆಫೀಸಿನಲ್ಲಿ ಗುಮಾಸ್ತ. ಅವನನ್ನು ಮೊದಲೇ ಕರೆದೊಯ್ದರು. ಆರು ವರ್ಷದ ವೀರಕನನ್ನು ಮಕ್ಕಳ ಕೆಲಸದ ಗುಂಪಿಗೆ ಸೇರಿಸಿದರು. ಗದ್ದೆಯ ಅಂಚಿನ ಮೇಲೆ ಮಕ್ಕಳು ಸಾಲಾಗಿ ಹೋದದ್ದನ್ನು ಇವಳು ನೇಜಿ ನೆಡುತ್ತಾ ನೋಡಿದಳು. ಸೊಂಟ ನೆಟ್ಟಗೆ ಮಾಡಿ ನಿಂತು ನೋಡಲೂ ಬಿಡಲಿಲ್ಲವಂತೆ. ಆ ಸರ್ಕಾರ ಬಿದ್ದ ಮೇಲೆ ನಡೆದೇ ವಾಪಸು ಬಂದು ತನ್ನ ಈ ಹಳೆಯ ಮನೆಯನ್ನೇ ಹಿಡಿದಳು. ಪ್ರತಿ ವರ್ಷ ಗೇಟಿಗೆ ಅದೇ ನೀಲಿ ಬಣ್ಣ ಹೊಡೆಸುವುದು, ಮಗನಿಗೆ ಗುರುತು ಸಿಗಲಿ ಎಂದು. ಗಂಡನ ಫೋಟೊ ಆ ಜೈಲಿನ ಗೋಡೆಯಲ್ಲಿ ಅವಳಿಗೆ ಸಿಕ್ಕಿತು. ಮಗನದ್ದು ಸಿಗಲಿಲ್ಲ.

"ಗೋಡೆ ಮೇಲೆ ಇಲ್ಲೆ ಅಂದ್ಮೇಲೆ ಸತ್ತಿಲ್ಲೆ ಅಂಬ್ರ್," ಎಂದಳು ಶಾರದೆ.

ನಾನು ಅಲ್ಲಿಗೇ ಬಿಡಬೇಕಿತ್ತು. ಬಿಡಲಿಲ್ಲ. ನನಗೆ ನನ್ನ ಅಣ್ಣನ ನೆನಪಾಯಿತು. ನಾನು ಲಂಗ ಹಾಕುವ ಕಾಲದಲ್ಲಿ ದೋಣಿ ಮಗುಚಿ ನಾಲ್ವರು ನೀರುಪಾಲಾದರು. ಮೂವರ ಹೆಣ ದಡಕ್ಕೆ ಬಂತು, ಅಣ್ಣನದ್ದು ಬರಲಿಲ್ಲ. ನಮ್ಮಲ್ಲಿ ಸತ್ತವರಿಗೆ ವರ್ಷಕ್ಕೊಮ್ಮೆ ಬಡಿಸುವುದಿದೆ. ಒಳಗೆ ಎಲೆ ಹಾಕಿ ಅವರು ಇಷ್ಟಪಡುತ್ತಿದ್ದ ಮೀನು, ಅನ್ನ ಬಡಿಸಿ, ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಕೂರುವುದು. ಅವರು ಉಂಡರು ಅನ್ನುವಷ್ಟು ಹೊತ್ತಾದ ಮೇಲೆ ಕೆಮ್ಮಿ ಬಾಗಿಲು ತೆಗೆಯುವುದು. ಅಮ್ಮ ಅಣ್ಣನಿಗೆ ಎಲೆ ಹಾಕಲು ಒಪ್ಪಲೇ ಇಲ್ಲ. ಮೂರು ವರ್ಷ ಹೀಗೆ ಹೋಯಿತು. ಕೊನೆಗೆ ಊರ ಮುಖಂಡರಾದ ಗುರಿಕಾರರೇ ಬಂದು, "ಬಡ್ಸ್ ಹೆಣ್ಣೇ, ಮಾಣಿ ಹಸ್ದ್ ತಿರುಗ್ತಾ ಇರ್ತಾ" ಅಂದರು. ಅಮ್ಮ ಬಡಿಸಿದಳು. ಆ ದಿನ ಸಂಜೆಯೇ ಚಾಪೆ ಹಾಸಿ ಮಲಗಿ ಮರುದಿನ ಬಿಸಿಲೇರುವ ತನಕ ನಿದ್ದೆ ಮಾಡಿದಳು. ಅಷ್ಟು ವರ್ಷ ಅವಳು ಸರಿಯಾಗಿ ಮಲಗಿದ್ದನ್ನು ನಾನು ಕಂಡಿರಲಿಲ್ಲ. ಬಡಿಸಿದರೆ ಹೆತ್ತವಳಿಗೆ ನಿದ್ದೆ ಬರುತ್ತದೆ ಎಂದು ನನ್ನ ತಲೆಯಲ್ಲಿ ಕೂತದ್ದು ಆಗ. ಅದು ನೆಮ್ಮದಿಯ ನಿದ್ದೆಯೋ, ಇನ್ನು ಏಳಬೇಕಾದ ಕೆಲಸವೇ ಇಲ್ಲ ಅನ್ನುವ ನಿದ್ದೆಯೋ, ಕೇಳಿದವಳಲ್ಲ.

ನೋಮ್ ಪೆನ್‌ನಲ್ಲೂ ಆಗ ಸತ್ತವರ ಹದಿನೈದು ದಿನ ಶುರುವಾಯಿತು. ನಮ್ಮ ಮಹಾಲಯದ ಪಕ್ಷವೇ. ಹಸಿದ ಪ್ರೇತಗಳು ಆ ದಿನಗಳಲ್ಲಿ ಗುಡಿಯಿಂದ ಗುಡಿಗೆ ತಿರುಗಿ ತಮ್ಮವರು ತಂದ ಅನ್ನ ಹುಡುಕುತ್ತವೆ, ಏಳು ಗುಡಿ ತಿರುಗಿಯೂ ಸಿಗದಿದ್ದರೆ ಶಾಪ ಹಾಕಿ ಹೋಗುತ್ತವೆ ಎಂದು ಅವರ ನಂಬಿಕೆ. ಅನ್ನಕ್ಕೆ ಎಳ್ಳು, ತೆಂಗಿನ ಹಾಲು ಹಾಕಿ ಉಂಡೆ ಕಟ್ಟುತ್ತಾರೆ. ಕೊನೆಯ ದಿನ ಭಿಕ್ಷುಗಳ ಎದುರು ಕೂತು ಸತ್ತವರ ಹೆಸರು ಹೇಳಬೇಕು. ಹೆಸರು ಹೇಳಿದರೆ ಮಾತ್ರ ಅನ್ನ ಅವರಿಗೆ ಮುಟ್ಟುವುದು. ಯೇಯ್ ಎಳ್ಳು ಹುರಿಯುತ್ತಿದ್ದಳು, ನಾನು ಎದುರಿಗೆ ಕೂತಿದ್ದೆ, ಶಾರದೆ ಮಗುವಿಗೆ ಹಾಲು ಕೊಡುತ್ತಿದ್ದಳು.

"ಈ ಸಲ ವೀರಕನ ಹೆಸ್ರೂ ಹೇಳುಕೆ ಹೇಳ್ ಇವ್ಳಿಗೆ," ಎಂದೆ.

"ಅಮ್ಮಾ, ಸುಮ್ಮಗಿರ್."

"ಎಂತ ಸುಮ್ಮಗಿಪ್ದ್? ಸತ್ತಿದ್ರೆ ಐವತ್ತ್ ವರ್ಷದಿಂದ ಹಸ್ದ್ ಕೂತಿದ್ದ. ಗುಡಿ ಗುಡಿ ತಿರುಗಿ ಹೆತ್ತಬ್ಬಿ ಹೆಸ್ರ್ ಹಿಡ್ದ್ ಕರಿತಾ ಇರ್ತಾ. ಬದ್ಕಿದ್ರೆ ಈ ಉಂಡೆಯಿಂದ ಅವ್ನಿಗೆ ಎಂತ ನಷ್ಟ? ಹೇಳ್ ನೀನ್."

ಶಾರದೆ ಅರ್ಧ ಹೇಳಿದಳೋ ಪೂರ್ತಿ ಹೇಳಿದಳೋ. ಯೇಯ್ ಬಾಣಲೆಯಲ್ಲಿ ಕೈ ಆಡಿಸುವುದನ್ನು ನಿಲ್ಲಿಸಲಿಲ್ಲ. ಎಳ್ಳು ಸೀದು ಹೋಯಿತು. ಬೇರೆ ಹಾಕಿ ಹುರಿದಳು. ರಾತ್ರಿ ಅಳಿಯನಿಗೆ ಗೊತ್ತಾಗಿ, "ಅತ್ತೆ, ಈ ಊರಿನವ್ರ ಸತ್ತವ್ರ ವಿಷಯಕ್ಕೆ ನಾವ್ ತಲೆ ಹಾಕೂದ್ ಬ್ಯಾಡ. ಅವ್ರ್ ಕಂಡದ್ದ್ ನಾವ್ ಕಂಡಿಲ್ಲೆ," ಎಂದ. ಮೀನು ಹಿಡಿಯುವವರ ಮನೆಯ ಸಾವು ನಿಮಗೆ ಗೊತ್ತಿಲ್ಲ ಎಂದು ಅವನ ಬಾಯಿ ಮುಚ್ಚಿಸಿದೆ.

ಕೊನೆಯ ದಿನ ಯೇಯ್ ಬಿಳಿ ಅಂಗಿ ಹಾಕಿ ಹೊರಟಳು. ನನ್ನನ್ನೂ ಕರೆದಳು. ಶಾರದೆ ಬಾಣಂತಿ, ಹೊರಗೆ ಬರುವ ಹಾಗಿಲ್ಲ. ನಾವಿಬ್ಬರೇ ಆಟೋದಲ್ಲಿ ಹೋದೆವು. ಗುಡಿ ತುಂಬ ಜನ, ಎಲ್ಲರ ಕೈಯಲ್ಲೂ ಬುತ್ತಿ. ನಾಲ್ವರು ಭಿಕ್ಷುಗಳ ಎದುರು ಒಂದೊಂದೇ ಮನೆಯವರು ಕೂತು ಹೆಸರು ಹೇಳಿ ಏಳುತ್ತಿದ್ದರು. ನಮ್ಮ ಸರದಿ ಬಂತು. ಯೇಯ್ ಕೈ ಮುಗಿದು ಹೇಳತೊಡಗಿದಳು. ಅಪ್ಪ, ಅಮ್ಮ, ಗಂಡ ಇರಬೇಕು, ಮೂರು ಹೆಸರು. ಅಲ್ಲಿಗೆ ನಿಂತಳು. ಭಿಕ್ಷು ಕಾದ. ಅವಳು ತುಟಿ ತೆರೆದಳು, ಸ್ವರ ಬರಲಿಲ್ಲ. ಮತ್ತೆ ಮುಚ್ಚಿದಳು. ಹಿಂದಿನವರು ಮುಂದೆ ಸರಿದರು.

ನಾನು "ವೀರಕ್" ಎಂದೆ.

ಗಟ್ಟಿಯಾಗಿಯೇ ಹೇಳಿದೆ. ಹಾಗೆ ಹೇಳಿದವಳು ನಾನು, ಅವಳಲ್ಲ. ಭಿಕ್ಷು ನನ್ನ ಮುಖ ನೋಡಿದ, ಸೀರೆ ನೋಡಿದ. ಆಮೇಲೆ ಅವಳ ಕಡೆ ತಿರುಗಿದ. ಬಾಯಿಂದ ಬಿದ್ದ ಹೆಸರನ್ನು ಹೆಕ್ಕಿ ವಾಪಸು ಇಟ್ಟುಕೊಳ್ಳಲು ಅವಳಿಗೆ ದಾರಿ ಇರಲಿಲ್ಲ. ಅವಳೂ ಹೇಳಿದಳು. ಭಿಕ್ಷುಗಳು ಮಂತ್ರ ಹೇಳಿ ನೀರು ಚಿಮುಕಿಸಿದರು. ಆಟೋದಲ್ಲಿ ಬರುವಾಗ ಅವಳು ನನ್ನ ಕೈ ಹಿಡಿದುಕೊಂಡಿದ್ದಳು. ಒಳ್ಳೆಯ ಕೆಲಸ ಮಾಡಿದೆ ಎಂದೇ ನಾನು ತಿಳಿದೆ.

ಆ ಸಂಜೆ ಕಿಟಕಿಯ ಪಕ್ಕ ಬಟ್ಟಲು ಇರಲಿಲ್ಲ. ಕಂಡಿಯಾ, ಭಾರ ಇಳಿಯಿತು ಎಂದು ಮಗಳಿಗೆ ಹೇಳಿದೆ. ಮರುದಿನ ಕೆಂಡ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ನಾನೇ ಕೆಳಗೆ ಹೋದೆ. ಅಂಗಳ ಗುಡಿಸಿರಲಿಲ್ಲ, ನಾಯಿ ಬಾಗಿಲಲ್ಲಿ ಕೂತು ಕಾಯುತ್ತಿತ್ತು. ಯೇಯ್ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ಗಂಜಿ ಮಾಡಿ ಕೊಟ್ಟೆ, ಎರಡು ಗುಟುಕು ಕುಡಿದಳು. ಶಾರದೆ ಕೇಳಿದ್ದಕ್ಕೆ, ಚೆನ್ನಾಗಿ ನಿದ್ದೆ ಬರುತ್ತಿದೆ ಎಂದಳಂತೆ. ಹಗಲೂ ಬರುತ್ತಿದೆಯಂತೆ. ಹಾಗೆ ಒಂದು ವಾರ ಕಳೆದ ಮೇಲೆ ಶಾರದೆ ನನ್ನ ಎದುರು ಬಂದು ನಿಂತಳು.

"ಮನಿ ಮಾರಿ ಅಣ್ಣನ ಮಗನ ಊರಿಗೆ ಹೋತೆ ಅಂಬ್ರ್. ಇನ್ನ್ ಯಾರಿಗ್ ಈ ಗೇಟು ಅಂಬ್ರ್. ಸಾಕಾಯ್ತಾ ಅಮ್ಮ ನಿಂಗೆ?"

ನನ್ನ ಮಗಳು ನನಗೆ ಹಾಗೆ ಮಾತಾಡಿದ್ದು ಅದೇ ಮೊದಲು. ಯೇಯ್ ಹತ್ತಿರ ಇದ್ದದ್ದು ಗಂಡನಲ್ಲ, ಮಗನಲ್ಲ, ದಿನಾ ಸಂಜೆ ಒಂದು ಬಟ್ಟಲು ತುಂಬಿಸುವ ಕೆಲಸ. ಹೊರಗಿನಿಂದ ಬಂದ ನಾನು ಅದನ್ನು ಕೈಯಿಂದ ಕಿತ್ತು ತೆಗೆದೆ. ಅದೂ ಅವಳ ಮಗನ ಹಸಿವಿನ ಹೆಸರಿನಲ್ಲಿ.

ನಾನು ಊರಿಗೆ ಹೊರಡುವ ಹಿಂದಿನ ದಿನ ಅವಳೇ ನಮ್ಮಿಬ್ಬರನ್ನೂ ಕೆಳಗೆ ಕರೆದಳು. ಎದ್ದು ಕೂತಿದ್ದಳು. ಮಗುವನ್ನು ಮಡಿಲಿಗೆ ತೆಗೆದುಕೊಂಡಳು. ಆಮೇಲೆ ನನ್ನನ್ನೇ ನೋಡುತ್ತಾ ನಿಧಾನವಾಗಿ ಏನೋ ಕೇಳಿದಳು. ಶಾರದೆ ಕನ್ನಡ ಮಾಡಿ ಹೇಳಿದಳು.

"ಅಂವ ಬಂದ್ರೆ ಎಂತ ಮಾಡೂದ್ ಅಂತ ಕೇಂತ್ರ್. ಸತ್ತವ್ರ ಅನ್ನ ಬಡ್ಸಿ ಆಯ್ತ್ ಅಲ್ದಾ? ಈಗ ಬಾಗ್ಲಂಗೆ ಬಂದ್ ನಿಂತ್ರೆ ಅಂವ ಯಾರ್? ಒಳ್ಗ್ ಕರುಕ್ ಆತ್ತಾ? ನಿಮ್ಮೂರಂಗೆ ಎಂತ ಮಾಡ್ತ್ರಿ ಅಂತ ಕೇಂತ್ರ್."

ಇಷ್ಟು ದಿನ ಮಲಗಿ ಅವಳು ಯೋಚನೆ ಮಾಡಿದ್ದು ಇದನ್ನೇ. ಅವಳು ಮಗನನ್ನು ಸತ್ತ ಎಂದು ನಂಬಿರಲಿಲ್ಲ. ಬದುಕಿರುವ ಮಗನನ್ನು ತಾನು ಸತ್ತವರ ಸಾಲಿಗೆ ಸೇರಿಸಿದೆ ಎಂದು ನಂಬಿದ್ದಳು.

"ನಮ್ಮೂರಂಗೆ ಒಬ್ಬ ಹಾಂಗೇ ಬಂದಿದ್ದ ಅಂತ ಹೇಳ್," ಎಂದೆ. "ಸಮುದ್ರಕ್ಕೆ ಹೋದವ. ಎಲೆ ಹಾಕಿ ಎಷ್ಟೋ ವರ್ಷ ಆದ್ಮೇಲೆ ನಡ್ಕಂಡ್ ಬಂದ. ಅವ್ನ ಅಬ್ಬಿ ಅವ್ನನ್ನ ಹೊಸ ಶಿಶು ಮಾಡ್ಕಂಡ್ಳ್. ತೊಡೆ ಮೇಲೆ ಕೂರ್ಸಿ ಎಣ್ಣೆ ಹಚ್ಚಿ ಮೀಸಿ, ಹಾಲ್ ಕುಡ್ಸಿ, ಹೊಸ ಹೆಸ್ರ್ ಇಟ್ಳ್. ಹಳೆ ಹೆಸ್ರಿನವ್ನಿಗೆ ಬಡ್ಸಿದ್ ಅವ್ನಿಗೇ ಹೋಯ್ತ್. ಇವ ಬೇರೆ, ಈಗ ಹುಟ್ಟಿದವ."

ಶಾರದೆ ನನ್ನ ಮುಖ ನೋಡಿದಳು. ಮರವಂತೆಯಲ್ಲಿ ಹುಟ್ಟಿ ಬೆಳೆದವಳು. ಗಂಗೊಳ್ಳಿಯಿಂದ ಬೈಂದೂರಿನ ತನಕ ಎಲೆ ಹಾಕಿಸಿಕೊಂಡ ಒಬ್ಬನೂ ನಡೆದು ಬಂದಿಲ್ಲ ಎಂದು ಅವಳಿಗೆ ಗೊತ್ತು. ಸತ್ತ ಎಂದು ಕ್ರಿಯೆ ಮಾಡಿದವನು ಬಂದರೆ ಹಾಗೆ ಮಾಡುವುದಿದೆ ಎಂದು ಯಾರೋ ಭಟ್ಟರು ಹೇಳಿದ್ದು ನನ್ನ ಕಿವಿಗೆ ಬಿದ್ದಿತ್ತು, ಅಷ್ಟೇ. ಉಳಿದದ್ದೆಲ್ಲ ಆ ಕ್ಷಣ ಬಾಯಿಗೆ ಬಂದದ್ದು.

"ಹೇಳ್," ಎಂದೆ.

ಹೇಳಿದಳು. ಯೇಯ್ ಪೂರ್ತಿ ಕೇಳಿದಳು. ಆಮೇಲೆ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. ಐವತ್ತು ದಾಟಿದ ಗಂಡಸನ್ನು ತೊಡೆಯ ಮೇಲೆ ಕೂರಿಸಿದರೆ ನನ್ನ ಮೂಳೆ ಉಳಿಯುತ್ತದಾ ಎಂದಳಂತೆ. ಸಂಜೆ ನಾನು ಚೀಲ ಕಟ್ಟುತ್ತಿದ್ದಾಗ ಕೆಳಗಿನಿಂದ ಮೀನು ಹುರಿಯುವ ವಾಸನೆ ಬಂತು. ಬಗ್ಗಿ ನೋಡಿದೆ. ಬಟ್ಟಲು ಕಿಟಕಿಯ ಪಕ್ಕ ಇತ್ತು. ಶಾರದೆಯೂ ನೋಡಿದಳು.

ಊರಿಗೆ ಬಂದ ಮೇಲೂ ಮಗಳು ವಾರಕ್ಕೊಮ್ಮೆ ವೀಡಿಯೊದಲ್ಲಿ ಬರುತ್ತಾಳೆ. ಮೊಮ್ಮಗಳು ಈಗ ನಡೆಯುತ್ತಾಳೆ. ಯೇಯ್ ಮನೆ ಮಾರಲಿಲ್ಲ. ಗೇಟಿಗೆ ಬಣ್ಣ ಹೊಡೆಸಿದಳು. ಅದನ್ನೆಲ್ಲ ಕೇಳಿ ನನಗೆ ಸಮಾಧಾನ ಆಗಬೇಕಿತ್ತು, ಆಗುವುದಿಲ್ಲ. ಅವಳು ಎಪ್ಪತ್ತೈದು ದಾಟಿದ ಮುದುಕಿ. ಸತ್ಯ ಹೇಳುತ್ತೇನೆಂದು ಅವಳ ಮಗನನ್ನು ಕೊಂದೆ, ಸುಳ್ಳು ಹೇಳಿ ಬದುಕಿಸಿದೆ. ಎರಡನ್ನೂ ಮಾಡು ಎಂದು ಅವಳು ನನಗೆ ಹೇಳಿರಲಿಲ್ಲ.

ಕಳೆದ ವಾರ ವೀಡಿಯೊದಲ್ಲಿ ಶಾರದೆಯ ಹೆಗಲ ಹಿಂದಿನಿಂದ ಅವಳೂ ಮುಖ ತೋರಿಸಿದಳು. ಏನೋ ಕೇಳಿದಳು.

"ನಿಮ್ಮೂರಂಗೆ ವಾಪಸ್ ಬಂದ ಆ ಗಂಡ್ಸಿಗೆ ಅಬ್ಬಿ ಎಂತ ಹೆಸ್ರ್ ಇಟ್ಟಿದ್ಳ್ ಅಂತ ಕೇಂತ್ರ್," ಎಂದಳು ಶಾರದೆ. ಆಮೇಲೆ ಸ್ವರ ತಗ್ಗಿಸಿ, "ಅಮ್ಮಾ, ಸುಳ್ಳ್ ಅಂತ ನಾನೇ ಹೇಳಿ ಬಿಡ್ಲಾ?"

"ಬ್ಯಾಡ."

"ಮತ್ತೆ ಎಂತ ಹೇಳ್ಲಿ?"

"ಹೆಸ್ರ್ ಹೆತ್ತವ್ಳ್ ಇಡುದ್ ಅಂತ ಹೇಳ್. ಅವ್ಳೇ ಎಂತದೋ ಯೋಚ್ನೆ ಮಾಡಿಪ್ಳ್, ಕೇಣ್."

ಕೇಳಿದಳು. ಯೇಯ್ ಫೋನಿನ ಹತ್ತಿರ ಬಂದು, ಆಚೀಚೆ ನೋಡಿ, ಮೆಲ್ಲಗೆ ಒಂದು ಹೆಸರು ಹೇಳಿದಳು. ನನಗೆ ಸರಿಯಾಗಿ ಕೇಳಿಸಿತು. ಶಾರದೆ ಅದನ್ನು ಮತ್ತೊಮ್ಮೆ ಹೇಳಲು ಹೊರಟಾಗ ಬೇಡ ಎಂದೆ. ಇಲ್ಲಿಯೂ ಆ ಹೆಸರನ್ನು ನಾನು ಬರೆಯುವುದಿಲ್ಲ. ಅವಳಿಗಿಂತ ಮೊದಲು ಒಮ್ಮೆ ಬಾಯಿ ತೆಗೆದದ್ದು ಸಾಕು.